ಸಾಹೇಬರ ಹತ್ತು ನಿಮಿಷ

ಮೊನ್ನೆ ಮಧ್ಯಾಹ್ನ ಹೂಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಸ್ಪ್ಯಾನರುಗಳ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿ ಪೆಟ್ಟಿಗೆಗೆ ಜೋಡಿಸುತ್ತಿದ್ದೆ. ಹತ್ತನೇ ನಂಬರಿನದು ಇರಬೇಕಾದ ಜಾಗ ಖಾಲಿ. ಗಡಿಯಾರ ನೋಡಿದೆ, ಮೂರು ಗಂಟೆ ಐದು ನಿಮಿಷ. ನಾನೇ ಪರೀಕ್ಷಿಸಿ, ಮುಚ್ಚಳ ಬಿಗಿಸಿ ಸಹಿ ಹಾಕಿದ್ದ ಗೇರ್‌ಬಾಕ್ಸು ಆಗಲೇ ಲಾರಿ ಏರಿ ಹಗ್ಗ ಬಿಗಿಸಿಕೊಳ್ಳುತ್ತಿತ್ತು. ಸ್ಪ್ಯಾನರು ಅದರ ಹೊಟ್ಟೆಯೊಳಗೇ ಉಳಿದಿದ್ದರೆ ಮೊದಲ ದಿನವೇ ಗೇರಿನ ಹಲ್ಲುಗಳೆಲ್ಲ ಪುಡಿ. ಪಕ್ಕದಲ್ಲಿ ನಿಂತವರ ಗತಿ ದೇವರೇ ಬಲ್ಲ.

ಹೇಳಬೇಕು. ಬದಲಿಗೆ ಪೆಟ್ಟಿಗೆಯನ್ನೇ ಇನ್ನೊಮ್ಮೆ ಎಣಿಸಿದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಆಸಾಮಿ ನಾನು. ಗಾರೆ ಕೆಲಸದ ಅಪ್ಪ ನನ್ನ ಪದವಿಯ ಫೋಟೋಗೆ ಕಟ್ಟು ಹಾಕಿಸಿ, ದೇವರ ಪಟಗಳಿಗಿಂತ ಒಂದು ಗೇಣು ಮೇಲೆ ಮೊಳೆ ಹೊಡೆದಿದ್ದಾರೆ. ಅಷ್ಟು ಎತ್ತರದಲ್ಲಿ ನೇತುಬಿದ್ದವಳಿಗೆ ತಪ್ಪು ಒಪ್ಪಿಕೊಳ್ಳುವುದು ಸುಲಭವಲ್ಲ, ನೋಡಿ.

ಕೈಯಲ್ಲಿದ್ದ ಬಟ್ಟೆಯ ಸೀಮೆಎಣ್ಣೆ ವಾಸನೆ ಮೂಗಿಗೆ ಹತ್ತಿತು. ಸಾಹೇಬರ ಜಗಲಿಯ ವಾಸನೆಯೂ ಅದೇ.

ಇಂಜಿನಿಯರಿಂಗ್ ಓದುವಾಗ ನಾನಿದ್ದದ್ದು ಕೃಷ್ಣಮೂರ್ತಿಪುರಂನ ಅವರ ಮನೆಯ ಮಹಡಿ ಕೋಣೆಯಲ್ಲಿ, ಬಾಡಿಗೆಗೆ. ರೈತರ ಮನೆಯಿಂದ ಹೋಗಿ, ವಾಯುಪಡೆಯಲ್ಲಿ ವಿಮಾನ ರಿಪೇರಿ ನೋಡಿಕೊಳ್ಳುವ ಕಿರಿಯ ಅಧಿಕಾರಿಯಾಗಿ ಸೇರಿ, ಏರ್ ವೈಸ್ ಮಾರ್ಷಲ್ ಆಗಿ ನಿವೃತ್ತರಾದವರು. ಪದಕಗಳು ಬೀರುವಿನೊಳಗೆ, ಜಗಲಿಯ ಗೋಡೆಯಲ್ಲಿ ಒಂದು ಹಲಗೆ ಮಾತ್ರ. ಅದರ ಮೇಲೆ ಪ್ರತಿ ಉಪಕರಣದ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದು, ಅದರ ಮೇಲೇ ಅದನ್ನು ನೇತುಹಾಕುತ್ತಿದ್ದರು. ಒಂದು ಇಲ್ಲದಿದ್ದರೂ ಕಪ್ಪು ನೆರಳು ಕಣ್ಣಿಗೆ ಹೊಡೆಯಬೇಕು.

ಒಂದು ಸಂಜೆ, ಫ್ಯಾನು ಬಿಚ್ಚಲು ನಾನು ಹೇಳದೆ ಒಯ್ದಿದ್ದ ಸ್ಕ್ರೂಡ್ರೈವರಿನ ನೆರಳಿನ ಮುಂದೆ ಸಾಹೇಬರು ನಿಂತಿದ್ದರು. ಕೋಣೆ ಖಾಲಿ ಮಾಡಿಸುತ್ತಾರೆಂದು ಹೆದರಿ ನಾನು ತೆಪ್ಪಗಿದ್ದೆ. ಅವರು ಯಾರನ್ನೂ ಕೇಳಲಿಲ್ಲ. ಕುಳಿತುಕೊಂಡು, ಕೆಲಸಕ್ಕೆ ಹೊಸಬರಾಗಿದ್ದಾಗಿನ ಒಂದು ಬೆಳಗನ್ನು ಹೇಳಿದರು. ವಿಮಾನಕ್ಕೆ ಸಹಿ ಹಾಕಿದ ಮೇಲೆ ಎಣಿಸಿದರೆ ಒಂದು ಸ್ಕ್ರೂಡ್ರೈವರು ಕಡಿಮೆ. ಒಳಗೆ ಕೂತಿದ್ದ ಪೈಲಟ್ಟು ಅವರ ಜತೆಯೇ ಒಂದೇ ರೂಮಿನಲ್ಲಿದ್ದ ಗೆಳೆಯ.

“ಹತ್ತು ನಿಮಿಷ ಬಾಯಿ ಬುಡ್ಲಿಲ್ಲ ಕಣಮ್ಮ. ಮಗ ಆಫೀಸರ್ ಆದ ಅಂತ ಅಪ್ಪ ಊರೆಲ್ಲಾ ಹೇಳ್ಕೊಂಡಿದ್ರು.”

ಹೇಳುವ ಹೊತ್ತಿಗೆ ವಿಮಾನ ಮೇಲೇರಿತ್ತು. ಹಿಂದಕ್ಕೆ ಕರೆಸಿದರು. ಚಕ್ರ ನೆಲ ಮುಟ್ಟುವವರೆಗೂ ರನ್‌ವೇ ಪಕ್ಕದಲ್ಲೇ ನಿಂತಿದ್ದೆ ಅಂದರು. ಸ್ಕ್ರೂಡ್ರೈವರು ಸಿಕ್ಕಿದ್ದು ಬೇರೊಂದು ಪೆಟ್ಟಿಗೆಯಲ್ಲಿ. ಧೈರ್ಯವಾಗಿ ಹೇಳಿದನಲ್ಲ ಎಂದು ಮೇಲಿನವರು ಬೆನ್ನು ತಟ್ಟಿದರಂತೆ.

“ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಸಾರ್?” ಅಂದೆ.

“ವಿಮಾನದ ಲಾಗ್ ಪುಸ್ತಕದಲ್ಲಿ ಗೊತ್ತಾದ ಹೊತ್ತು ಅನ್ನೋ ಕಡೆ, ಹೇಳಿದ ಹೊತ್ತನ್ನೇ ಬರ್ದುಬುಟ್ಟೆ. ಆ ಹತ್ತು ನಿಮಿಷ ಯಾರ್ಗೂ ಗೊತ್ತಿಲ್ಲ. ಆಮೇಲ್ ಬಂದ ಒಂದೊಂದ್ ಪ್ರಮೋಷನ್ನೂ ಅದರ ಮೇಲೇ ನಿಂತದೆ ಕಣಮ್ಮ.”

ನಾನು ಮಹಡಿಗೆ ಓಡಿ ಸ್ಕ್ರೂಡ್ರೈವರು ತಂದುಕೊಟ್ಟೆ. ಸೀಮೆಎಣ್ಣೆಯಲ್ಲಿ ಒರೆಸಿ ಅದರ ಜಾಗಕ್ಕೆ ಹಾಕಿದರು. ಫ್ಯಾನು ತಿರುಗ್ತಾ ಎಂದಷ್ಟೇ ಕೇಳಿದರು.

ಲಾರಿ ಸ್ಟಾರ್ಟ್ ಆದ ಸದ್ದಿಗೆ ಎಚ್ಚೆತ್ತೆ. ಓಡಿಹೋಗಿ ಅಡ್ಡ ನಿಂತು, ಸ್ಪ್ಯಾನರು ಕಾಣೆಯಾದದ್ದನ್ನು ಹೇಳಿದೆ. “ಏನ್ ಮೇಡಂ, ಹಗ್ಗ ಬಿಗಿದಾದ್ಮೇಲೆ ನೆನಪಾಯ್ತಾ?” ಎಂದರು ಸೂಪರ್‌ವೈಸರು. ಸುತ್ತ ನಿಂತವರು ನಕ್ಕರು. ಗೇರ್‌ಬಾಕ್ಸು ಇಳಿಯಿತು.

ಮುಚ್ಚಳ ಬಿಚ್ಚುವವರೆಗೆ ನಾನು ಕಾಯಲಿಲ್ಲ. ರಿಜಿಸ್ಟರು ತೆಗೆದು, ಗೊತ್ತಾದ ಹೊತ್ತು ಎಂಬಲ್ಲಿ ಮೂರು ಐದು ಎಂದು ಬರೆದೆ. ಹೇಳಿದ ಹೊತ್ತನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಪಕ್ಕದಲ್ಲಿ ನಾನೇ ಒಂದು ಗೆರೆ ಎಳೆದುಕೊಂಡು ಬರೆದೆ: ಮೂರು ಹದಿಮೂರು.