ಬೆಳಿಗ್ಗೆ ಧ್ವಜ, ಸಂಜೆ ಕುಂಕುಮ

ಮುಂಬಯಿಗೆ ಬಂದ ಮೊದಲ ಜನವರಿ ಇಪ್ಪತ್ತಾರರಂದು ನಾನು ದಂಗಾಗಿದ್ದೆ. ಬೆಳಿಗ್ಗೆ ಸಯನ್‌ನ ನಮ್ಮ ಚಾಳಿನ ಅಂಗಳದಲ್ಲಿ ಧ್ವಜ ಹಾರಿಸಿ ಸಂವಿಧಾನದ ಪೀಠಿಕೆ ಓದಿದರು. ಸಂಜೆ ಅದೇ ಪೆಂಡಾಲು, ಅದೇ ಬಾಡಿಗೆ ಕುರ್ಚಿ, ಹಳದಿ-ಕುಂಕು! ನಮ್ಮ ಸಂಕ್ರಾಂತಿಯ ಅರಿಶಿನ-ಕುಂಕುಮವೇ ಅದು. ರಜೆಯ ದಿನ ಎಲ್ಲರೂ ಮನೆಯಲ್ಲಿರುತ್ತಾರೆಂದು ಎರಡನ್ನೂ ಒಟ್ಟಿಗೆ ಮುಗಿಸುತ್ತಾರೆ. ಧಾರವಾಡದಲ್ಲಾದರೆ ಧ್ವಜ ಶಾಲೆಯಲ್ಲಿ, ಕುಂಕುಮ ಪಡಸಾಲೆಯಲ್ಲಿ. ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ.

ಗಂಡ ತೀರಿಕೊಂಡ ವರ್ಷವೇ ಊರು ಬಿಟ್ಟವಳು ನಾನು. ಅಲ್ಲಿ ನನ್ನ ಬರಿಹಣೆ ಕಂಡು ದಾರಿ ಬದಲಿಸುವವರ ಕಾಟ ಸಾಕುಸಾಕಾಗಿತ್ತು. ಇಲ್ಲಿ ಲೋಕಲ್‌ನ ನೂಕುನುಗ್ಗಲಲ್ಲಿ ಯಾರ ಹಣೆಯನ್ನು ಯಾರು ನೋಡುತ್ತಾರೆ? ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಪಕ್ಕದ ಖೋಲಿಯ ಶಾಲಿನಿ ಕಾಕು ಮರಾಠಿ ಕಲಿಸಿದರು, ಜ್ವರ ಬಂದಾಗ ಗಂಜಿ ಕೊಟ್ಟರು. ನನ್ನ ಅಕ್ಷರ ದುಂಡಗಿದೆಯೆಂದು ಚಾಳಿನ ಕರಿಹಲಗೆಯ ಕೆಲಸವೂ ನನಗೇ ಬಂತು. ಪರಭಾಷೆಯಲ್ಲಿ ಅದೊಂದು ಗೆಲುವೆಂದು ಬೀಗಿದ್ದೆ. ಹನ್ನೊಂದು ವರ್ಷ, ಧ್ವಜದ ಕೆಲಸ ಮುಗಿದ ಕೂಡಲೇ, ನಾನೇ ಬರೆದೆ: "ಸಂಜೆ ಆರಕ್ಕೆ ಹಳದಿ-ಕುಂಕು, ಸವಾಷ್ಣಿಯರಿಗೆ ಆಮಂತ್ರಣ." ಸವಾಷ್ಣ ಎಂದರೆ ಮುತ್ತೈದೆ. ಹಾಗೆ ಬರೆದು, ಸಂಜೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರುತ್ತಿದ್ದೆ.

ಈ ಸಲ ಬರೆಯುತ್ತಿದ್ದಾಗ ಮೇಲಿನ ಮಹಡಿಯ ರೇಖಾ ಬಂದು ಹಿಂದೆ ನಿಂತಳು. ಇಂಡಿ ಕಡೆಯವಳು, ಇನ್ನೂ ಇಪ್ಪತ್ತಾರು. ಗಾರೆ ಕೆಲಸದ ಗಂಡ ಹೋದ ಮಳೆಗಾಲದಲ್ಲಿ ತೀರಿಕೊಂಡ.

"ಅಕ್ಕಾ, ಹ್ವಾದ ವರ್ಸ ನನಗ ಕರದಿದ್ರಲ್ರೀ. ಈ ಸಲ ಬರೂಹಂಗಿಲ್ಲೇನ್ರಿ?"

ಒಂದು ಗಂಟೆಯ ಹಿಂದೆ ಪೀಠಿಕೆ ಓದಿದವಳೂ ನಾನೇ. ಸೆರಗಿನಿಂದ ಆ ಪದ ಒರೆಸಿ "ಎಲ್ಲ ಮಹಿಳೆಯರಿಗೆ" ಎಂದು ಬರೆದೆ. "ಬಾರವಾ, ನಾನೂ ಬರ್ತೀನಿ" ಎಂದೆ.

ಹಳದಿ-ಕುಂಕು ನಡೆಸುವ ಕಾಕು ಹಲಗೆ ನೋಡಿ ನೇರ ನನ್ನ ಖೋಲಿಗೆ ಬಂದರು. ಜಗಳ ಮರಾಠಿಯಲ್ಲಿ ನಡೆಯಿತು, ಕನ್ನಡದಲ್ಲಿ ಹೇಳುತ್ತೇನೆ.

"ಇದೇನು ಸುಧಾ?"

"ಬೆಳಿಗ್ಗೆ ಸಮಾನತೆ ಅಂತ ಓದಿದೆನಲ್ಲ ಕಾಕು, ನೀವೂ ಚಪ್ಪಾಳೆ ತಟ್ಟಿದಿರಿ."

"ಸಂವಿಧಾನದಲ್ಲಿ ಕುಂಕುಮದ ಮಾತೆಲ್ಲಿದೆ? ಇದು ನನ್ನ ಅತ್ತೆ ನಡೆಸಿಕೊಂಡು ಬಂದದ್ದು. ನನ್ನ ಧರ್ಮ ಪಾಲಿಸುವ ಹಕ್ಕು ನನಗಿಲ್ಲವಾ?"

ಇದೆ. ಅದೇ ತಲೆನೋವು. ಅವರ ಹಕ್ಕೂ ರೇಖಾಳ ಹಕ್ಕೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಇವೆ. ಯಾವ ಕೋರ್ಟು ಬಂದು ಕಾಕುವಿನ ಬೆರಳು ಹಿಡಿದು ಕುಂಕುಮ ಹಚ್ಚಿಸೀತು? ನನಗೆ ವಾದ ಮಾಡುವ ತ್ರಾಣವೂ ಉಳಿದಿರಲಿಲ್ಲ.

"ಬೆರಳು ನಿಮ್ಮದು ಕಾಕು. ಪೆಂಡಾಲು ಎಲ್ಲರದು. ರೇಖಾ ಬಂದು ಕೂರುತ್ತಾಳೆ, ಅಷ್ಟೇ."

ಕಾಕು ಹೊರಟುಹೋದರು.

ಸಂಜೆ ರೇಖಾ ಬಂದಳು. ನಾನು ಅವಳ ಪಕ್ಕದಲ್ಲೇ ಕೂತೆ. ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿದರು. ಕಾಕು ಸಾಲಾಗಿ ಹಚ್ಚುತ್ತಾ ಬಂದು ಅವಳ ಮುಂದೆ ನಿಂತರು. ಕುಂಕುಮದ ಬೆರಳನ್ನು ಒಮ್ಮೆ ಹಿಂದಕ್ಕೆಳೆದುಕೊಂಡರು. ಆಮೇಲೆ "ನನ್ನ ಮೊಮ್ಮಗಳ ವಯಸ್ಸು" ಎಂದು ತಮಗೇ ಹೇಳಿಕೊಂಡು ಅರಿಶಿನ ಕುಂಕುಮ ಇಟ್ಟರು. ಬಾಗಿನದ ಸ್ಟೀಲ್ ಬಟ್ಟಲನ್ನು ಕೈಗಿತ್ತರು. ರೇಖಾ ಅತ್ತುಬಿಟ್ಟಳು.

ಅದೇ ಬೆರಳು ನನ್ನ ಕಡೆ ಬಂತು. ನನ್ನ ತಲೆ ಗಕ್ಕನೆ ಹಿಂದೆ ಸರಿಯಿತು. ದೇವರಾಣೆ, ಬೇಕೆಂದು ಮಾಡಿದ್ದಲ್ಲ. ಇನ್ನೊಮ್ಮೆ ಮುಂದೆ ಬಾಗಲು ನೋಡಿದೆ, ಆಗಲಿಲ್ಲ.

"ಅಕ್ಕಾ, ನನಗ ಬಾ ಅಂದ್ರಿ. ನಿಮಗೇನಾತ್ರಿ?" ಎಂದಳು ರೇಖಾ.

ಕಾಕು ಬೈಯಲಿಲ್ಲ. ಬಟ್ಟಲನ್ನಷ್ಟೇ ನನ್ನ ಮಡಿಲಲ್ಲಿಟ್ಟು ಮುಂದೆ ಹೋದರು.

ಆ ಬಟ್ಟಲಲ್ಲೇ ಈಗ ದಿನಾ ಮೊಸರನ್ನ ಉಣ್ಣುತ್ತೇನೆ. ಊರಲ್ಲಿ ನನಗೆ ಹಚ್ಚುವವರಿಲ್ಲ. ಇಲ್ಲಿ ಹಚ್ಚಲು ಬಂದರೆ ನಾನೇ ನಿಲ್ಲಲಿಲ್ಲ. ಧಾರವಾಡವನ್ನು ಅಲ್ಲಿನ ಸ್ಟೇಷನ್ನಿನಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಅದು ನನ್ನ ಹಣೆಯಲ್ಲೇ ಕೂತು ಬಂದಿದೆ.