ಓಡಿದರೆಂದು ನಾನು ಬರೆದ ಮೂವರು

ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯವನೊಬ್ಬ ನೌಕಾ ಇತಿಹಾಸಕಾರನಾದ ಎಂದರೆ ನಗುವ ಹಕ್ಕು ಎಲ್ಲರಿಗೂ ಇದೆ. ಆ ಹಕ್ಕನ್ನು ಮೊದಲು ಚಲಾಯಿಸಿದವಳು ನಮ್ಮವ್ವ. "ಊರ ಕೆರೆ ಕೋಡಿ ಬಿದ್ದಿದ್ದೇ ಕಾಣ್ದೋನು ಸಮುದ್ರದ ವಿಚಾರ ಏನ್ ಬರೀತೀಯೋ?" ಎಂದಿದ್ದಳು. ಆದರೂ ಬರೆದೆ. ಕರಾವಳಿಯ ಒಂದು ನೌಕಾ ಮ್ಯೂಸಿಯಂನಲ್ಲಿ ಕ್ಯುರೇಟರ್ ಕೂಡ ಆದೆ. ದಡಕ್ಕೆ ಎಳೆದು ನಿಲ್ಲಿಸಿದ ಹಡಗಿನ ಮೇಲೆ ನನ್ನಷ್ಟು ಗತ್ತಿನಿಂದ ಓಡಾಡಿದವರು ಕಡಿಮೆ. ಚಲಿಸುವ ಹಡಗು ಹತ್ತಿದ್ದು ಮಾತ್ರ ಒಂದೇ ಸಲ. ಬಂದರು ಕಣ್ಮರೆಯಾಗುವ ಮೊದಲೇ ಬಕೆಟ್ಟು ಕೇಳಿದೆ. ನಮ್ಮ ವೃತ್ತಿಗೆ ಅದೇನೂ ಅಡ್ಡಿಯಲ್ಲ. ಸತ್ತವರ ಬಗ್ಗೆ ಬರೆಯುವವನು ತಾನೂ ಸತ್ತು ನೋಡಬೇಕೆಂದು ಯಾರು ಹೇಳಿದ್ದಾರೆ?

ಪುಸ್ತಕ ಬಂದ ವರ್ಷ ಮಧುಗಿರಿಯಲ್ಲಿ ಪೇಟ ತೊಡಿಸಿದರು, ಕೊರಟಗೆರೆಯಲ್ಲಿ ಶಾಲು ಹೊದಿಸಿದರು. ವೇದಿಕೆಗೆ ಥರ್ಮಾಕೋಲಿನ ಲಂಗರು ಅಂಟಿಸಿದ್ದರು. ಸ್ವಾಗತ ಕೋರಿದವರು ನನ್ನನ್ನು ಏಳು ಸಮುದ್ರ ದಾಟಿದ ಧೀರ ಎಂದರು. ನಾನು ತಲೆ ತಗ್ಗಿಸಿ ವಿನಯದಿಂದ ನಕ್ಕೆ, ತಿದ್ದಲಿಲ್ಲ. ಪುಸ್ತಕವನ್ನು ಒಬ್ಬರೂ ತೆರೆದಿಲ್ಲವೆಂಬುದು ಆ ಭಾಷಣದಿಂದಲೇ ಗೊತ್ತಾಗುತ್ತಿತ್ತು. ಓದುಗರಿಲ್ಲವಲ್ಲ ಎಂದು ಆಗ ಕೊರಗಿದ್ದೆ. ಒಂದು ಊರಿನಲ್ಲಿ ಚೆನ್ನಾಗಿಯೇ ಓದಿದ್ದರೆಂದು ತಿಳಿಯಲು ಐದು ವರ್ಷ ಹಿಡಿಯಿತು.

ಐದು ವರ್ಷದ ಮೇಲೆ ಮ್ಯೂಸಿಯಂನ ದೊಡ್ಡವರಿಗೆ ಒಮ್ಮೆಲೇ ಜ್ಞಾನೋದಯವಾಯಿತು. ಗೋಡೆ ತುಂಬ ಅಧಿಕಾರಿಗಳೇ ಇದ್ದಾರೆ, ಸಾಮಾನ್ಯ ನಾವಿಕರಿಗೂ ಒಂದು ಮೂಲೆ ಬೇಕು ಎಂದರು. ಮೂಲೆ ಎಂದರೆ ನಿಜವಾಗಿಯೂ ಮೂಲೆಯೇ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿತ್ತು. ಅಲ್ಲಿಗೆ ವಸ್ತು ಹುಡುಕುತ್ತಿದ್ದಾಗ, ಪಾವಗಡದ ಆಚೆ ನಾಗಲಮಡಿಕೆ ಹತ್ತಿರದ ಒಂದು ಹಳ್ಳಿಯಲ್ಲಿ, ತೀರಿಕೊಂಡ ನಾವಿಕರೊಬ್ಬರ ಮನೆಯಲ್ಲಿ, ಹಡಗಿನ ತಾಮ್ರದ ಅಳತೆಯೊಂದಿದೆ ಎಂದು ಸುದ್ದಿ ಬಂತು. ನಾವಿಕರಿಗೆ ದಿನದ ರಮ್ಮು ಅಳೆದು ಕೊಡುತ್ತಿದ್ದ ಪಾತ್ರೆ ಅದು. ಊರಿಗೆ ಬಂದು, ಬೆಳಿಗ್ಗೆ ಶಿರಾದಲ್ಲಿ ಬಸ್ಸು ಹತ್ತಿದವನು ಮಧ್ಯಾಹ್ನದ ಊಟದೊಳಗೆ ಆ ಮನೆಯ ಜಗುಲಿಯಲ್ಲಿದ್ದೆ.

ನಾವಿಕರ ಹೆಂಡತಿಗೆ ಎಂಬತ್ತರ ಹತ್ತಿರ. ಪಾತ್ರೆ ದೇವರ ಗೂಡಿನಲ್ಲಿತ್ತು, ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಫಳಫಳ ಹೊಳೆಯುತ್ತಿತ್ತು. ಷಷ್ಠಿಯ ದಿನ ಹುತ್ತಕ್ಕೆ ತನಿ ಎರೆಯಲು ಹಾಲು ಒಯ್ಯುವುದು ಅದರಲ್ಲೇ ಅಂತೆ. ವಿದ್ವತ್ತು ಸುಮ್ಮನಿರಬೇಕಲ್ಲ. "ಅಮ್ಮಾ, ಇದು ಹೆಂಡ ಅಳೆಯೋ ಪಾತ್ರೆ" ಎಂದೆ.

"ಗೊತ್ತು ನಾಯನಾ, ಅವ್ರೇ ಏಳವ್ರೆ. ತೊಳ್ದಿವ್ನಿ" ಎಂದರು.

ಆಮೇಲೆ ಒಳಗೆ ಹೋಗಿ ನನ್ನ ಪುಸ್ತಕ ತಂದು, ಬೆನ್ನಿಗಿದ್ದ ಫೋಟೋವನ್ನೂ ನನ್ನನ್ನೂ ಸರದಿಯಂತೆ ನೋಡಿದರು. "ನೀನೇ ಅಲ್ವಾ?" ನಾನು ಸಂತೋಷದಿಂದ ಪೆನ್ನು ತೆಗೆದೆ. ಸಹಿ ಕೇಳುತ್ತಾರೆಂದುಕೊಂಡಿದ್ದೆ.

ಅವರು ಬಿಡಿಸಿದ ಪುಟದಲ್ಲಿ ಕೆಂಪು ಪೆನ್ಸಿಲಿನ ಗೆರೆಯಿತ್ತು. ಒಂದು ಹಡಗಿನ ಬಾಯ್ಲರ್ ಕೋಣೆಗೆ ಬೆಂಕಿ ಬಿದ್ದಾಗ ಮೂವರು ನಾವಿಕರು ಜಾಗ ಬಿಟ್ಟು ಓಡಿದರು ಎಂದು ಬರೆದಿದ್ದೆ. ಕೆಳಗೆ ಅಡಿಟಿಪ್ಪಣಿಯಲ್ಲಿ ಮೂವರ ಹೆಸರು, ಊರು, ಹೋಬಳಿ. ಅಡಿಟಿಪ್ಪಣಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮೊದಲನೆಯ ಹೆಸರು ಈ ಮನೆಯದು.

"ಆಗಸ್ಟ್ ಹದಿನೈದಕ್ಕೆ ಇಸ್ಕೂಲಿನೋರು ಬಾವುಟ ಆರ್ಸಕ್ಕೆ ಇವ್ರನ್ನೇ ಕರೀತಿದ್ರು. ಇದನ್ನ ಮೇಷ್ಟ್ರು ಎಲ್ಲರ ಮುಂದೆ ಓದ್ಬುಟ್ರು. ಆ ವರ್ಷ ಬಿಳೀ ಬಟ್ಟೆ ಇಸ್ತ್ರಿ ಮಾಡ್ಸಿ ಆಕ್ಕಂಡು ಕುಂತಿದ್ರು, ಯಾರೂ ಬರ್ಲಿಲ್ಲ. ಈಗ ಕೊಳಾಯಿ ತಾವ ಮಾತಿಗೆ ಮಾತು ಬೆಳೆದ್ರೆ ನನ್ನ ಓಡೋದೋನ ಎಂಡ್ರು ಅಂತಾರೆ."

"ಓಡಿರಲಿಲ್ಲವೇ ಅಮ್ಮ?" ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳಲು ಡಾಕ್ಟರೇಟು ಬೇಕು.

"ಉಗಿ ನಿಲ್ಸೋ ಚಕ್ರ ತಿರುಗ್ಸಿ ಮುಚ್ಚಿ, ಮ್ಯಾಲಿಂದ ಬನ್ರೋ ಅಂತ ಕೂಗಿದ ಮ್ಯಾಲೆ ಮೂರೂ ಜನ ಬಂದ್ರಂತೆ. ಅಂಗೇ ಬರ್ದೂ ಕೊಟ್ಟವ್ರೆ. ಇಸ್ಕೂಲ್ ತಾವ ಬಂದು ಅದನ್ನ ಓದು, ಪಾತ್ರೆ ತಗಂಡೋಗು."

ಬರೆದು ಕೊಟ್ಟದ್ದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಮ್ಮ ಮ್ಯೂಸಿಯಂನ ದಫ್ತರಖಾನೆಯಲ್ಲಿ, ಆ ಬೆಂಕಿಯ ಕಡತದಲ್ಲಿ, ಮೇಲೆ ಅಧಿಕಾರಿಯ ವರದಿ, ಮುದ್ದಾಗಿ ಟೈಪು ಮಾಡಿದ್ದು. ಅದರ ಕೆಳಗೆ ಕೈಬರಹದ ಹಾಳೆಗಳು. ಟೈಪು ಮಾಡಿದ್ದು ಸತ್ಯ, ಕೈಬರಹ ಸಂಶಯ ಎಂಬುದು ನಮ್ಮ ಶಾಸ್ತ್ರದಲ್ಲಿ ಯಾರೂ ಬರೆದಿಡದ ನಿಯಮ. ಈ ನಾವಿಕರ ಹಾಳೆ ಕನ್ನಡದಲ್ಲಿತ್ತು. ಇಡೀ ದಫ್ತರಖಾನೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಆದರೆ ಅಕ್ಷರಗಳು ಕೋಳಿ ಕೆದಕಿದಂತಿದ್ದವು. ಪುಸ್ತಕ ಬರೆಯುವಾಗ ಅದನ್ನು ಓದದೆ ಪಕ್ಕಕ್ಕಿಟ್ಟು, ಪರದೇಶದ ದಫ್ತರಗಳಿಗೆ ಪತ್ರ ಬರೆಯುತ್ತಾ ಕುಳಿತೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ಅದು ನಾನೇ.

ಮ್ಯೂಸಿಯಂಗೆ ವಾಪಸಾಗಿ ಭೂತಗನ್ನಡಿ ಹಿಡಿದು ಕುಳಿತೆ. ಒಂದು ಹಾಳೆ ಓದಲು ಅರ್ಧ ದಿನ ಹಿಡಿಯಿತು. ಆಕೆ ಹೇಳಿದ್ದೇ ಅದರಲ್ಲಿತ್ತು. ಕೊನೆಯ ಸಾಲನ್ನು ಆಕೆ ಹೇಳಿರಲಿಲ್ಲ, ಬಹುಶಃ ಆಕೆಗೆ ಗೊತ್ತೂ ಇರಲಿಲ್ಲ. ಕಾದ ಚಕ್ರ ಹಿಡಿದು ಬಲಗೈ ಬೆಂದಿದೆ, ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರಕ್ಕೆ ಕ್ಷಮಿಸಬೇಕು ಎಂದಿತ್ತು. ಆ ದಿನ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಆಗಸ್ಟ್ ಹದಿನೈದರಂದು ಆ ಹೈಸ್ಕೂಲಿನಲ್ಲಿ ನಿಂತೆ. "ಎಲ್ಡು ನಿಮಿಷದಾಗೆ ಮುಗ್ಸಿ ಸಾರ್, ಮಕ್ಕಳಿಗೆ ಬಿಸಿಲು" ಎಂದರು ಮೇಷ್ಟ್ರು. ಅವರ ಕೆಂಪು ಪೆನ್ಸಿಲು ಜೇಬಿನಲ್ಲೇ ಇತ್ತು. ನಾವಿಕರ ಹಾಳೆಯನ್ನು ಪೂರ್ತಿ ಓದಿದೆ, ನಾನು ಬರೆದದ್ದು ಸುಳ್ಳು ಎಂದೆ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅದಕ್ಕೂ ಮುಂಚಿನ ಕೋಲಾಟಕ್ಕೂ ಅಷ್ಟೇ ಜೋರಾಗಿ ತಟ್ಟಿದ್ದರು. ಆಕೆ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತಿದ್ದರು, ಚಪ್ಪಾಳೆ ತಟ್ಟಲಿಲ್ಲ.

ಮಾತಿನಂತೆ ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ನನ್ನ ಎದೆ ಹಗುರವಾಗಿತ್ತು. ತಪ್ಪೊಪ್ಪಿಕೊಳ್ಳುವ ಧೈರ್ಯದ ಬಗ್ಗೆ ಮುಂದಿನ ಸನ್ಮಾನದಲ್ಲಿ ಏನೇನು ಹೇಳಬಹುದೆಂದು ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಬಸ್ ಸ್ಟಾಪಿನವರೆಗೂ ಆಕೆ ಜೊತೆಗೆ ನಡೆದುಬಂದರು.

"ಪುಸ್ತಕ ಬಂದಾಗ ನಾನು ನಿನ್ನ ಬಾಯಿಗೆ ಬಂದಂಗೆ ಬಯ್ದೆ ನಾಯನಾ. ಅವ್ರು ಬಯ್ಲಿಲ್ಲ. ಶಿರಾದೋನಂತೆ, ನಮ್ಮ ಕಡೆಯೋನೇ, ಒಂದಿನ ಬಂದು ಕೇಳ್ತಾನೆ ಬುಡು ಅಂದ್ರು. ಆಮ್ಯಾಲೆ ಮೂರು ವರ್ಷ ಇದ್ರು."