ಡೂಪ್ಲಿಕೇಟ್ ಹೊಡೆದವಳು ನಾನು

ಅಕ್ಕನ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಆ ಮೊಂಡು ಬೆರಳಲ್ಲೇ ಮೌಸ್ ಒತ್ತುತ್ತಿದ್ದರು, ಪಕ್ಕದ ಕೋಣೆಗೂ ಕೇಳುವ ಹಾಗೆ.

ಹೊಸಕೋಟೆಯ ಒಂದು ಖಾಸಗಿ ಡೈರಿಯಲ್ಲಿ ಅವರು ಕಂಪ್ಯೂಟರ್ ವಿಭಾಗದ ಹಿರಿಯರು, ನಾನು ಹೊಸಬಳು; ಅಕ್ಕ ಎಂದೇ ಕರೆಯುತ್ತಿದ್ದೆ. ಹಳ್ಳಿಹಳ್ಳಿಯಿಂದ ಹಾಲಿನ ಫ್ಯಾಟು, ಡಿಗ್ರಿ ದಿನಕ್ಕೆರಡು ಸಲ ಬರುತ್ತಿತ್ತು. ಡಿಗ್ರಿ ಎಂದರೆ ಹಾಲಿನ ಗಟ್ಟಿತನ; ಅದು ಇಳಿದರೆ ನೀರು ಬೆರೆಸಿದ್ದಾರೆಂದು ಲೆಕ್ಕ. ಒಬ್ಬೊಬ್ಬರು ಒಂದೊಂದು ರೀತಿ ಬರೆದು ಕಳಿಸುತ್ತಿದ್ದ ಆ ಕಲಸುಮೇಲೋಗರವನ್ನು ಒಂದೇ ಒತ್ತಿಗೆ ಹಸನು ಮಾಡುವ ಕ್ವೆರಿಯೊಂದನ್ನು ಅಕ್ಕ ಎಕ್ಸೆಲ್‌ನಲ್ಲಿ ಕಟ್ಟಿದ್ದರು. ಉಳಿದ ವರದಿಗಳೆಲ್ಲ ಅದಕ್ಕೇ ರೆಫರೆನ್ಸ್ ಕೊಟ್ಟು ಅದರ ಆಸರೆಯಲ್ಲೇ ಇರಬೇಕು, ಯಾರೂ ಅದರ ಬೇರೆ ನಕಲು ಮಾಡಿಕೊಳ್ಳಬಾರದು ಎಂಬುದು ಅವರ ಹಟ.

"ರೆಫರೆನ್ಸ್ ಅಂದ್ರೆ ಒಂದೇ ಒಲೆ ಕಣೇ. ಡೂಪ್ಲಿಕೇಟ್ ಅಂದ್ರೆ ಭಾಗ ಆದ ಮನೆ," ಎನ್ನುತ್ತಿದ್ದರು. "ಹಿರಿಮನೇಲಿ ಸಾರಿಗೆ ಉಪ್ಪು ಸರಿ ಮಾಡಿದ್ರೆ, ಭಾಗ ಆದ ಮನೆ ಸಾರಿಗೆ ಬಂದ್ಬಿಡ್ತದಾ?"

ಅವರು ರಜೆ ಹಾಕಿದ್ದ ದಿನವೇ ಮ್ಯಾನೇಜರಿಗೆ ಅವಸರ ಹತ್ತಬೇಕೆ! "ಹೆಡ್ ಆಫೀಸಿಗೆ ಬೇರೆ ಥರ ವರದಿ ಬೇಕಂತೆ. ಅವರ ಕ್ವೆರೀನೇ ಡೂಪ್ಲಿಕೇಟ್ ಹೊಡಿ," ಎಂದ.

"ಅಕ್ಕ ಬೈತಾರೆ ಸಾರ್."

"ಮ್ಯಾನೇಜರ್ ನಾನೋ ಅವರೋ?"

ಹೊಡೆದೆ. ಅಕ್ಕ ಬಂದ ಮೇಲೂ ಹೇಳಲಿಲ್ಲ.

ವಾರದ ನಂತರ ಒಂದು ಹಳ್ಳಿಯ ಹಾಲು ಅಳೆಯುವ ಯಂತ್ರ ಕೆಟ್ಟು ಡಿಗ್ರಿ ಕಡಿಮೆ ತೋರಿಸುತ್ತಿರುವುದು ಗೊತ್ತಾಯಿತು. ಅಕ್ಕ ಮೂಲ ಕ್ವೆರಿಯಲ್ಲಿ ಅದನ್ನು ಸರಿಪಡಿಸಿದರು. ಎಲ್ಲ ವರದಿಗಳೂ ಸರಿಹೋದವು, ನಾನು ಮಾಡಿದ ನಕಲೊಂದು ಬಿಟ್ಟು. ಹೆಡ್ ಆಫೀಸಿನವರು ಅದನ್ನೇ ನೋಡಿ ಆ ಊರಿಗೆ ಹಾಲಿನ ವ್ಯಾನು ನಿಲ್ಲಿಸಿದರು.

ಮರುದಿನವೇ ಆ ಊರಿನ ಹೆಂಗಸರು ಕ್ಯಾನುಗಳ ಸಮೇತ ಗೇಟಿಗೆ ಬಂದರು. "ನಮ್ ಮಕ್ಳಿಗೆ ಕುಡಿಸೋ ಹಾಲು ಕಣ್ರವ್ವಾ. ನೀರು ಬೆರೆಸೋರು ಅಂತ ಪಕ್ಕದೂರೋರು ಆಡ್ಕಂತಾವ್ರೆ," ಎಂದು ಒಬ್ಬಾಕೆ ಅಳುತ್ತಿದ್ದಳು.

ಅಕ್ಕ ಪರದೆಯಲ್ಲಿ ಹುಡುಕಿ ನಕಲು ಪತ್ತೆ ಮಾಡಿದರು. ನನ್ನ ಮುಖ ನೋಡಿದರು. "ನೀನು ಒಳಗಿರು," ಎಂದಷ್ಟೇ ಹೇಳಿ ಎದ್ದರು.

ಮ್ಯಾನೇಜರ್ ಅಡ್ಡ ನಿಂತ. "ಪರಿಶೀಲಿಸ್ತೀವಿ ಅಂದು ಕಳಿಸಿ. ಉಂಡ ಮನೆ ಜಂತೆ ಎಣಿಸ್ತೀರಾ?"

"ಅವರ ಮರ್ಯಾದೆ ಹೋಗ್ತಿದೆ, ದಾರಿ ಬಿಡಿ," ಎಂದು ಅಕ್ಕ ಗೇಟಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನೀವು ನೀರು ಬೆರೆಸಿಲ್ಲ. ತಪ್ಪು ನಮ್ಮ ಕಂಪ್ಯೂಟರಿನದು."

ವ್ಯಾನು ಮತ್ತೆ ಆ ಊರಿಗೆ ಹೋಯಿತು. ಅಕ್ಕನ ಕೆಲಸ ಹೋಯಿತು. ತಪ್ಪು ಅಕ್ಕನದೇ ಎಂದು ಮ್ಯಾನೇಜರ್ ಕಾಗದ ಬರೆದ. ಆ ಕಾಗದವನ್ನು ಟೈಪು ಮಾಡಿದವಳೂ ನಾನೇ. ಅವನ ಮೇಲೆ ಈಗಲೂ ಮೈ ಉರಿಯುತ್ತದೆ. ತಾನು ಮಾಡಿಸಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಸಂಜೆ ಹಾಯಾಗಿ ಟೀ ಕುಡಿದ ಮನುಷ್ಯ ಅವನು. ನಾನೂ ಅಲ್ಲೇ ಕೂತು ಕುಡಿದೆ.

ಎಂಟು ತಿಂಗಳಿಗೆ ಎದೆನೋವು ಬಂದು ಅಕ್ಕ ತೀರಿಕೊಂಡರು. ತಿಥಿಗೆ ಮ್ಯಾನೇಜರ್ ಹಾರ ತಂದಿದ್ದ. ಫೋಟೋಗೆ ಹಾಕಿ, "ಅದೊಂದು ತಪ್ಪು ಬಿಟ್ರೆ ಚಿನ್ನದಂಥ ಕೆಲಸಗಾತಿ," ಎಂದ.

ನನಗೆ ತಡೆಯಲಾಗಲಿಲ್ಲ. "ಆ ತಪ್ಪು ನಂದು! ಮಾಡ್ಸಿದ್ದು ನೀವು! ಅಕ್ಕನ ಮನೇಲಿ ನಿಂತ್ಕೊಂಡು ಸುಳ್ಳು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಪಂಕ್ತಿಯವರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಅವನು ಊಟಕ್ಕೂ ಕೂರದೆ ಹೊರಟ. ನನಗೆ ಎದೆ ಹಗುರಾದಂತಾಯಿತು.

ಅಕ್ಕನ ಮಗಳು ನೀರಿನ ಲೋಟ ತಂದುಕೊಟ್ಟಳು. "ಅಮ್ಮಂಗೆ ಗೊತ್ತಿತ್ತು ಕಣಕ್ಕ," ಎಂದಳು. "ಒಂದಿನ ನೀವೇ ಬಂದು ಹೇಳ್ತೀರ ಅಂತ ಕಾಯ್ತಿದ್ರು."

ಹೊಸಕೋಟೆಯಿಂದ ಅವರ ಮನೆಗೆ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ.